ಕೂಗಿಗೊಂದು ಓ

ಕಂಪ್ಯೂಟರ್ ಸಪೋರ್ಟಿನವರೆಂದರೆ ‘ಆಫ್ ಮಾಡಿ ಆನ್ ಮಾಡಿ’ ಎಂದು ಹೇಳಿ ಸಂಬಳ ಎಣಿಸುವವರು ಎಂಬ ಮಾತು ನಮ್ಮ ನೆಂಟರ ಮದುವೆಮನೆಗಳಲ್ಲೂ ಚಾಲ್ತಿಯಲ್ಲಿದೆ. ಪೂರ್ತಿ ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಆಫ್ ಮಾಡಿಸುವುದಕ್ಕೂ ಮುಂಚೆ ನಾವು ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸವಿದೆ. ಫೋನಿನ ಆ ಕಡೆಯವರು ‘ಮೇಡಂ, ಬೆಳಗ್ಗೆಯಿಂದ ಸಿಸ್ಟಮ್ಮೇ ಬರ್ತಿಲ್ಲ, ಕೌಂಟರಲ್ಲಿ ಜನ ಬಯ್ತಿದಾರೆ’ ಎಂದು ಶುರು ಮಾಡಿ, ಯಾರ‍್ಯಾರು ಏನೇನು ಬೈದರು ಎಂಬ ವಿವರಕ್ಕೆ ಇಳಿಯುವ ಹೊತ್ತಿಗೆ ನಮ್ಮ ಬೆರಳು ಕಪ್ಪು ಪರದೆಯಲ್ಲಿ ‘ಪಿಂಗ್’ ಎಂದು ಒತ್ತಿ, ಮುಂದೆ ಆ ಕಂಪ್ಯೂಟರಿನ ವಿಳಾಸ ಬರೆದು, ಎಂಟರ್ ಕುಟ್ಟಿ ಆಗಿರುತ್ತದೆ. ಆ ಯಂತ್ರ ಇದೆಯೋ ಇಲ್ಲವೋ ಎಂಬುದು ಬೈಗುಳದ ವರದಿ ಮುಗಿಯುವ ಮೊದಲೇ ಗೊತ್ತಾಗಿರುತ್ತದೆ.

ಪಿಂಗ್ ಬರೆದಾತ ಮೈಕ್ ಮೂಸ್. ಅಮೆರಿಕದ ಮೇರಿಲ್ಯಾಂಡಿನ ಅಬರ್ಡೀನ್‌ನಲ್ಲಿ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿ ಇತ್ತು. ಫಿರಂಗಿಯ ಗುಂಡು ಎಲ್ಲಿ ಹೋಗಿ ಬೀಳುತ್ತದೆಂದು ಲೆಕ್ಕ ಹಾಕುವುದು ಅದರ ಹಳೆಯ ಕಸುಬು. ಆ ಲೆಕ್ಕಕ್ಕೆಂದೇ ಕಟ್ಟಿಸಿದ ಎನಿಯಾಕ್ ಎಂಬ ದೈತ್ಯ ಕಂಪ್ಯೂಟರ್ 1947ರಲ್ಲಿ ಅಬರ್ಡೀನಿಗೇ ಬಂದು ಕೂತಿತು. ಮೂಸ್ ಅಲ್ಲಿದ್ದಾಗ, 1983ರ ಡಿಸೆಂಬರಿನಲ್ಲಿ, ಅವರ ನೆಟ್‌ವರ್ಕ್ ಕಿರಿಕಿರಿ ಶುರು ಮಾಡಿತು. ಅದೇ ವರ್ಷ ಡೇವಿಡ್ ಮಿಲ್ಸ್ ಎಂಬ ಮತ್ತೊಬ್ಬ ನೆಟ್‌ವರ್ಕ್ ಪರಿಣತ, ಪ್ರತಿಧ್ವನಿ ಬೇಡುವ ಪುಟ್ಟ ಪ್ಯಾಕೆಟ್ಟೊಂದನ್ನು ಕಳಿಸಿ ಅದು ಮರಳುವುದಕ್ಕೆ ಹಿಡಿಯುವ ಹೊತ್ತನ್ನು ಅಳೆಯುತ್ತೇನೆ ಎಂದದ್ದು ಮೂಸ್ ನೆನಪಿನಲ್ಲಿತ್ತು. ಕೂತು ಒಂದೇ ಸಂಜೆಯಲ್ಲಿ ಸುಮಾರು ಸಾವಿರ ಸಾಲಿನ ಪ್ರೋಗ್ರಾಂ ಬರೆದು ಮುಗಿಸಿದ. ಜಲಾಂತರ್ಗಾಮಿಗಳು ನೀರಿನೊಳಗೆ ಕಳಿಸುವ ಸೋನಾರ್ ಸದ್ದಿನ ಹೆಸರನ್ನೇ ಇಟ್ಟ. ಕಾಲೇಜಿನಲ್ಲಿ ಆತ ಸೋನಾರ್, ರಡಾರ್‌ಗಳ ಮೇಲೆ ಕೆಲಸ ಮಾಡಿದ್ದವನು.

ಇದೇ ತನಗೆ ಹೆಸರು ತರುತ್ತದೆಂದು ಆಗಲೇ ಗೊತ್ತಿದ್ದರೆ ಇನ್ನೊಂದೆರಡು ದಿನ ಹೆಚ್ಚು ಕೂತು ಇನ್ನಷ್ಟು ಸೌಲಭ್ಯ ಸೇರಿಸುತ್ತಿದ್ದೆ ಎಂದು ಮೂಸ್ ಮುಂದೊಮ್ಮೆ ತಮಾಷೆಯಾಗಿ ಬರೆದುಕೊಂಡ. ಆತ ನಿಜವಾಗಿ ಬೆವರು ಹರಿಸಿದ್ದು ಘನವಸ್ತುಗಳ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟುವ ಬಿಆರ್‌ಎಲ್-ಕ್ಯಾಡ್ ಎಂಬ ದೊಡ್ಡ ತಂತ್ರಾಂಶಕ್ಕೆ. ಆ ಹೆಸರು ಕೇಳಿದವರು ನಮ್ಮ ಆಫೀಸಿನಲ್ಲಿ ಒಬ್ಬರೂ ಇಲ್ಲ. ಪಿಂಗ್ ಬಾರದವರೂ ಒಬ್ಬರಿಲ್ಲ. 2000ದ ನವೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ಆತ ತೀರಿಕೊಂಡ. ನಲವತ್ತೆರಡು ವಯಸ್ಸು.

ನನಗೆ ಪಿಂಗ್ ಮೊದಲ ದಿನವೇ ಅರ್ಥವಾಯಿತು. ಅದಕ್ಕೆ ಕಾರಣ ಕೊಪ್ಪದ ಕಡೆಯ ನಮ್ಮ ಮನೆ. ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುವೆ ತೋಟ, ಗದ್ದೆ, ಹಳ್ಳ, ಒಂದು ಗುಡ್ಡ. ಊಟದ ಹೊತ್ತಾದರೆ ದೊಡ್ಡಮ್ಮ ಅಂಗಳದ ತುದಿಗೆ ಬಂದು ತೋಟದ ಕಡೆ ‘ಕೂ...’ ಎಂದು ಉದ್ದಕ್ಕೆ ಎಳೆಯುತ್ತಿದ್ದರು. ಅಡಕೆಮರಗಳ ಒಳಗೆಲ್ಲಿಂದಲೋ ಚಿಕ್ಕಪ್ಪನ ‘ಓ...’ ಬರುತ್ತಿತ್ತು. ಅದರಲ್ಲಿ ಬೇರೆ ಮಾತಿಲ್ಲ. ಏನು ಸಾರು, ಯಾರು ಬಂದಿದ್ದಾರೆ, ಯಾವುದೂ ಇಲ್ಲ. ಆದರೂ ದೊಡ್ಡಮ್ಮ ಒಳಗೆ ಬಂದು ‘ಹಳ್ಳದ ಆಚೆಗಿದಾನೆ, ಬರೋದಕ್ಕೆ ಹೊತ್ತಾಗುತ್ತೆ, ನೀವು ಕೂತ್ಕೊಳ್ಳಿ’ ಎನ್ನುತ್ತಿದ್ದರು. ಓ ಬರುವುದಕ್ಕೆ ಹಿಡಿದ ಹೊತ್ತು, ಅದರ ತೆಳು, ಗಾಳಿಯ ದಿಕ್ಕು, ಇವನ್ನೆಲ್ಲ ಕೂಡಿಸಿ ಅವರು ದೂರ ಹೇಳುತ್ತಿದ್ದರು. ಕೆಲವೊಮ್ಮೆ ಚಿಕ್ಕಪ್ಪನ ಬದಲು ಪಕ್ಕದ ತೋಟದವರು ‘ಅವ್ರು ಪ್ಯಾಟೆಗೆ ಹೋದ್ರು’ ಎಂದು ಕೂಗಿ ಹೇಳುವುದೂ ಇತ್ತು. ಪಿಂಗಿನಲ್ಲೂ ಹೀಗೇ. ವಿಂಡೋಸಿನಲ್ಲಿ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ ಬರೀ ಮೌನ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂದರೆ ದಾರಿಯಲ್ಲಿ ಯಾರೋ ಕರುಣಾಳುಗಳು ಉತ್ತರ ಕೊಟ್ಟಿದ್ದಾರೆ. ಹೊಸಬರಿಗೆ ಇವೆರಡೂ ಒಂದೇ ಎಂಬ ಭಾವನೆಯಿರುತ್ತದೆ. ಮನೆ ಮನೆ ನಡುವೆ ಗುಡ್ಡವಿಲ್ಲದ ಊರಿನಲ್ಲಿ ಬೆಳೆದರೆ ಹೀಗೇ.

ಪಿಂಗ್ ಕಳಿಸುವ ಪ್ಯಾಕೆಟ್ಟಿನೊಳಗೂ ಮಾತೇನಿಲ್ಲ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಟ್ಟವರಲ್ಲಿ ಹಿರಿಯನಾದ ಜಾನ್ ಪೋಸ್ಟೆಲ್ 1981ರ ಸೆಪ್ಟೆಂಬರಿನಲ್ಲಿ ಐಸಿಎಂಪಿ ಎಂಬ ನಿಯಮ ಪ್ರಕಟಿಸಿದ. ಅದರಲ್ಲಿ ಎಂಟನೇ ನಂಬರಿನ ಸಂದೇಶವೆಂದರೆ ಕೂಗು, ಸೊನ್ನೆ ನಂಬರಿನದು ಓ. ಕೂಗಿದವನು ಏನು ಕೊಟ್ಟು ಕಳಿಸಿದನೋ ಓಗೊಡುವವನು ಅದನ್ನೇ ಹಾಗೇ ವಾಪಸು ಕೊಡಬೇಕು. ವಿಂಡೋಸ್ 32 ಬೈಟ್ ತುಂಬುವುದಕ್ಕೆ ಇಂಗ್ಲಿಷ್ ಅಕ್ಷರಮಾಲೆಯನ್ನು ಎ ಯಿಂದ ಡಬ್ಲ್ಯೂವರೆಗೆ ಹೇಳಿ, ಮತ್ತೆ ಎ ಯಿಂದ ಶುರು ಮಾಡಿ ಐ ಗೆ ನಿಲ್ಲಿಸುತ್ತದೆ. ಎಕ್ಸ್, ವೈ, ಝಡ್ ಮಾಡಿದ ಪಾಪವೇನೋ. ದಿನವೂ ಲೋಕದ ತಂತಿಗಳಲ್ಲಿ ಈ ಅರೆಬರೆ ಮಗ್ಗಿ ಹೋಗಿಬರುತ್ತಲೇ ಇದೆ.

ದೂರದ ಲೆಕ್ಕ ನನಗೆ ಮೈಗೂಡಿದ್ದು ಮಲೆನಾಡಿನ ಬ್ಯಾಂಕ್ ಶಾಖೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಗ. ತಂತಿ ಹೋಗದ ಕಡೆ ಶಾಖೆಯ ತಾರಸಿಯ ಮೇಲೆ ವಿಸ್ಯಾಟ್ ತಟ್ಟೆ. ಶಾಖೆಯಿಂದ ಉಪಗ್ರಹಕ್ಕೆ, ಉಪಗ್ರಹದಿಂದ ಕೇಂದ್ರಕ್ಕೆ, ಅದೇ ದಾರಿಯಲ್ಲಿ ವಾಪಸು. ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಹೋಗಿಬರುವ ನಾಲ್ಕು ಪಯಣ ಸೇರಿದರೆ 1,43,000 ಕಿಲೋಮೀಟರ್. ಬೆಳಕಿನ ವೇಗದಲ್ಲೇ ಹೋದರೂ ಹತ್ತಿರ ಹತ್ತಿರ ಅರ್ಧ ಸೆಕೆಂಡು. ಅಲ್ಲಲ್ಲಿ ನಿಂತು ಸಾಗುವ ವಿಳಂಬ ಸೇರಿಸಿದರೆ ಪಿಂಗ್ 600 ಮಿಲಿಸೆಕೆಂಡಿನ ಆಸುಪಾಸು ತೋರಿಸುತ್ತಿತ್ತು. ಬೆಂಗಳೂರಿನಲ್ಲಿ ಕೂತ ಮೇಲಧಿಕಾರಿಗಳು ‘ಲಿಂಕ್ ಯಾಕಿಷ್ಟು ನಿಧಾನ, ಇನ್ನೂ ಫಾಸ್ಟ್ ಮಾಡಿಸಿ’ ಎನ್ನುತ್ತಿದ್ದರು. ದುಡ್ಡು ಕೊಟ್ಟರೆ ಕೊಳವೆ ಅಗಲವಾಗುತ್ತದೆ, ಆಕಾಶ ಹತ್ತಿರವಾಗುವುದಿಲ್ಲ ಎಂದು ಇಮೇಲಿನಲ್ಲಿ ವಿನಯದಿಂದ ಬರೆಯುವುದು ನನ್ನ ಕೆಲಸದ ಭಾಗವಾಗಿತ್ತು.

ಆಷಾಢ ಬಂತೆಂದರೆ ಮತ್ತೊಂದು ಅಧ್ಯಾಯ. ಈ ತಟ್ಟೆಗಳಲ್ಲಿ ಬಹಳಷ್ಟು ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿ ಹೀರಿಕೊಳ್ಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿನ ಲೆಕ್ಕದಲ್ಲಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಇದರರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಪರದೆಯ ಮೇಲೆ ಮಲೆನಾಡಿನ ಹವಾಮಾನ ಕಾಣುತ್ತಿತ್ತು: ಶೃಂಗೇರಿ ಕಡೆಯ ಶಾಖೆಯ ಓ ತಪ್ಪಿತು, ಸ್ವಲ್ಪ ಹೊತ್ತಿಗೆ ಕೊಪ್ಪದ್ದು, ಆಮೇಲೆ ನರಸಿಂಹರಾಜಪುರದ್ದು. ಮೋಡ ಹೊರಟ ದಿಕ್ಕು ಹಿಡಿದು ಅಮ್ಮನಿಗೆ ಫೋನ್ ಮಾಡಿ ‘ಅಂಗಳದ ಹಪ್ಪಳ ಒಳಗೆ ತಗೋ’ ಎಂದದ್ದೂ ಇದೆ. ಅಮ್ಮನಿಗೆ ನನ್ನ ಕೆಲಸದ ಬಗ್ಗೆ ಗೌರವ ಬಂದದ್ದು ಆವಾಗಲೇ.

ಮಳೆಯಿಲ್ಲದ ದಿನ ಓ ತಪ್ಪಿದರೆ ಮಂಗ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಅಷ್ಟೆತ್ತರದ ಉಪಗ್ರಹ ತನ್ನ ಜಾಗ ಬಿಟ್ಟು ಜಾರದಂತೆ ಅಲ್ಲಿನ ಎಂಜಿನಿಯರುಗಳು ಹಗಲೂ ರಾತ್ರಿ ಕಾಯುತ್ತಾರೆ. ಇತ್ತ ನಮ್ಮ ಶಾಖೆಯ ತಾರಸಿಯಲ್ಲಿ ಒಂದು ಮುಸಿಯ ತಟ್ಟೆಯ ಅಂಚಿನ ಮೇಲೆ ಕೂತು ಪೇರಳೆಹಣ್ಣು ತಿಂದು ಹೋಗುತ್ತಿತ್ತು. ತಟ್ಟೆ ಒಂದೆರಡು ಡಿಗ್ರಿ ತಿರುಗಿದರೆ ಸಾಕು, ಸಂಬಂಧ ಮುಗಿಯಿತು. ದೂರು ದಾಖಲಿಸುವ ಟಿಕೆಟ್ಟಿನಲ್ಲಿ ‘ಕಾರಣ’ ಎಂಬ ಕಾಲಂ ಇರುತ್ತದೆ. ಆಯ್ಕೆಗಳು ಹಾರ್ಡ್‌ವೇರ್, ಸಾಫ್ಟ್‌ವೇರ್, ವಿದ್ಯುತ್, ಇತರೆ. ಮಂಗವನ್ನು ಯಾವುದರಲ್ಲಿ ಸೇರಿಸುವುದೆಂದು ನಮ್ಮ ತಂಡದಲ್ಲಿ ಗಂಭೀರ ಚರ್ಚೆ ನಡೆದು, ಹಾರ್ಡ್‌ವೇರ್ ಎಂದು ತೀರ್ಮಾನವಾಯಿತು. ಶಾಖೆಯ ಅಟೆಂಡರ್ ಒಬ್ಬರು ಕಂಬದ ಸುತ್ತ ಮುಳ್ಳುಕಂಟಿ ಕಟ್ಟಿ ನಮ್ಮೆಲ್ಲರಿಗಿಂತ ಒಳ್ಳೆಯ ಎಂಜಿನಿಯರಿಂಗ್ ತೋರಿಸಿದರು.

ಮೂಸ್‌ಗೆ ಬಹಳ ಇಷ್ಟವಾಗಿದ್ದ ಪಿಂಗ್ ಕಥೆಯೊಂದಿದೆ. ಯಾರೋ ಒಬ್ಬ ನೆಟ್‌ವರ್ಕ್ ನೋಡಿಕೊಳ್ಳುವವನಿಗೆ ಬಂದು ಹೋಗುವ ತೊಂದರೆ. ಅವನು ಪಿಂಗಿನ ಉತ್ತರವನ್ನು ಮಾತಾಡುವ ಪ್ರೋಗ್ರಾಮಿಗೆ ಜೋಡಿಸಿ, ಅದನ್ನು ಆಫೀಸಿನ ಸ್ಟೀರಿಯೋಗೆ ಕೊಟ್ಟು ಜೋರು ಮಾಡಿದ. ಕಂಪ್ಯೂಟರ್ ಸೆಕೆಂಡಿಗೊಮ್ಮೆ ‘ಪಿಂಗ್, ಪಿಂಗ್’ ಎಂದು ಅರಚುತ್ತಿರಲು, ಅವನು ಕಟ್ಟಡವೆಲ್ಲ ತಿರುಗಿ ಒಂದೊಂದೇ ಕನೆಕ್ಟರನ್ನು ಅಲುಗಿಸುತ್ತಾ ಹೋದ. ಸದ್ದು ನಿಂತ ಕಡೆ ರೋಗ. ಇದನ್ನು ಓದಿದಾಗ ಶಿವಮೊಗ್ಗದಲ್ಲಿ ನಾನು ಓದಿದ ಕಾಲೇಜಿನ ಲ್ಯಾಬ್ ಕಣ್ಣಿಗೆ ಬಂತು. ಆಗ ಟಿವಿ ಕೇಬಲ್ಲಿನಂಥ ದುಂಡು ತಂತಿ ಒಂದು ಕಂಪ್ಯೂಟರಿನ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ಸಾಲಾಗಿ ಹೋಗುತ್ತಿತ್ತು. ಯಾರಾದರೊಬ್ಬರ ಕಾಲು ತಾಗಿ ಒಂದು ಕೊಂಡಿ ಸಡಿಲವಾದರೆ ಇಡೀ ಸಾಲು ಸತ್ತಂತೆ. ನಮ್ಮಲ್ಲಿ ಸ್ಟೀರಿಯೋ ಇರಲಿಲ್ಲ. ಒಬ್ಬಳು ಪರದೆ ನೋಡುತ್ತಾ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು, ಇನ್ನೊಬ್ಬಳು ಮೇಜಿನಡಿ ತೆವಳುವುದು. ಈಗ ಲಿನಕ್ಸಿನ ಪಿಂಗಿನಲ್ಲಿ ‘-ಎ’ ಎಂದು ಸೇರಿಸಿದರೆ ಪ್ರತಿ ಉತ್ತರಕ್ಕೂ ಬೀಪ್ ಬರುತ್ತದೆ. ಮೇಜಿನಡಿ ತೆವಳುವುದನ್ನು ಮಾತ್ರ ಯಾವ ಆಯ್ಕೆಯೂ ತಪ್ಪಿಸಿಲ್ಲ.

ಕೂಗಿದರೂ ಬೇಕೆಂದೇ ಓ ಎನ್ನದವರಿದ್ದಾರೆ. ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಸಲಕ್ಕೆ ಮಾತ್ರ ಓ ಅನ್ನಬೇಕು ಎಂದು ಅಜ್ಜಿ ನಮಗೆ ಕಟ್ಟುನಿಟ್ಟು ಮಾಡಿದ್ದಳು. ದೆವ್ವ ಒಂದೆರಡು ಸಲ ಕರೆದು ಸುಮ್ಮನಾಗುತ್ತದಂತೆ. ವಿಂಡೋಸಿನ ಪಿಂಗ್ ಸುಮ್ಮನೆ ಬಿಟ್ಟರೆ ನಾಲ್ಕು ಸಲ ಕರೆಯುತ್ತದೆ, ಅಜ್ಜಿಯ ಲೆಕ್ಕಕ್ಕಿಂತ ಒಂದು ಹೆಚ್ಚು. ಆದರೂ ಫೈರ್‌ವಾಲ್ ಎಂಬ ಇಂದಿನ ಅಜ್ಜಿಗೆ ನಂಬಿಕೆ ಬರುವುದಿಲ್ಲ. ಅದಕ್ಕೂ ಕಾರಣವಿದೆ. ಐಪಿ ನಿಯಮದ ಪ್ರಕಾರ ಒಂದು ಪ್ಯಾಕೆಟ್ 65,535 ಬೈಟ್ ಮೀರುವಂತಿಲ್ಲ. 1996ರ ಸುಮಾರಿಗೆ ಕಿಡಿಗೇಡಿಗಳು ಅದಕ್ಕಿಂತ ದಪ್ಪದ ಪಿಂಗನ್ನು ತುಂಡು ಮಾಡಿ ಕಳಿಸತೊಡಗಿದರು. ತುಂಡು ಜೋಡಿಸಹೊರಟ ಕಂಪ್ಯೂಟರುಗಳು ಅಳತೆ ಮೀರಿ ಅಲ್ಲೇ ಕುಸಿದವು. ಅದಕ್ಕೆ ‘ಪಿಂಗ್ ಆಫ್ ಡೆತ್’ ಎಂದು ಹೆಸರಾಯಿತು. ಆ ತೂತು ಬೇಗ ಮುಚ್ಚಿತು. ಆದರೆ ಭಯ ಉಳಿಯಿತು, ಹೊರಗಿನ ಪಿಂಗಿಗೆ ಬಾಯಿ ಬಿಡಬೇಡ ಎಂಬ ಕಟ್ಟಳೆ ಇವತ್ತಿಗೂ ಎಷ್ಟೋ ಸರ್ವರುಗಳಲ್ಲಿದೆ. ಹಾಗಾಗಿ ಗಟ್ಟಿಮುಟ್ಟಾಗಿ ಕೆಲಸ ಮಾಡುತ್ತಿರುವ ಯಂತ್ರವನ್ನು ಸತ್ತಿದೆ ಎಂದು ವರದಿ ಮಾಡುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ.

ಇದಕ್ಕಿಂತ ಕಷ್ಟ, ಓ ಎನ್ನುತ್ತಲೇ ಕೈಚೆಲ್ಲಿ ಕೂತವರದು. ಒಂದು ತಿಂಗಳ ಕೊನೆ, ಬಡ್ಡಿ ಲೆಕ್ಕ ಹಾಕುವ ರಾತ್ರಿ. ಶಾಖೆಗಳಿಂದ ಫೋನಿನ ಮೇಲೆ ಫೋನು: ಲಾಗಿನ್ ಆಗುತ್ತಿಲ್ಲ. ನಮ್ಮ ಗೋಡೆಯ ಮೇಲಿನ ಪರದೆಯಲ್ಲಿ ಆ ಸರ್ವರಿನ ಚೌಕ ಮಾತ್ರ ಹಸಿರು, ಪಚ್ಚೆ ಹಸಿರು. ಪಿಂಗ್ ಮಾಡಿದರೆ ಒಂದು ಮಿಲಿಸೆಕೆಂಡೂ ತಗೊಳ್ಳದೆ ಉತ್ತರ. ‘ಸರ್ವರ್ ಚೆನ್ನಾಗೇ ಇದೆ, ನಿಮ್ಮ ಕಡೆ ನೋಡಿಕೊಳ್ಳಿ’ ಎಂದು ಪಕ್ಕದ ಕುರ್ಚಿಯಾತ ಸಮಾಧಾನವಾಗಿ ಹೇಳುತ್ತಲೇ ಇದ್ದ. ವಿಷಯ ಏನೆಂದರೆ ಪಿಂಗಿಗೆ ಓಗೊಡುವುದು ಕರ್ನೆಲ್ ಎಂಬ ತಳದ ಪದರ. ಅದರ ಮೇಲೆ ಓಡುವ ಡೇಟಾಬೇಸ್ ಉಸಿರು ಕಟ್ಟಿ ಬಿದ್ದಿದ್ದರೂ ತಳದಲ್ಲಿರುವವನು ‘ಇದೀನಿ’ ಎನ್ನುತ್ತಾನೆ. ಒಳಹೊಕ್ಕು ನೋಡಿದರೆ ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಒಂದು ಪ್ರೋಗ್ರಾಂ ಹಗಲೆಲ್ಲ ಒಂದೇ ಎಚ್ಚರಿಕೆಯನ್ನು ಲಾಗ್ ಕಡತದಲ್ಲಿ ಬರೆದದ್ದೇ ಬರೆದು ಜಾಗವೆಲ್ಲ ತಿಂದಿತ್ತು. ಯಾರೋ ಆತುರಗಾರರು ಆ ಕಡತವನ್ನು ಅಳಿಸಿಯೂ ಇದ್ದರು. ಆದರೂ ಡಿಸ್ಕ್ ತುಂಬಿದ್ದು ತುಂಬಿದಂತೆಯೇ! ಲಿನಕ್ಸಿನಲ್ಲಿ ಕಡತ ಅಳಿಸಿದರೆ ಪಟ್ಟಿಯಿಂದ ಅದರ ಹೆಸರು ಹೋಗುತ್ತದೆ ಅಷ್ಟೇ. ತೆರೆದು ಹಿಡಿದ ಪ್ರೋಗ್ರಾಂ ಕೈಬಿಡುವವರೆಗೆ ಜಾಗ ಖಾಲಿಯಾಗುವುದಿಲ್ಲ. ಹಿಡಿದಿರುವುದು ಯಾರೆಂದು ಪತ್ತೆ ಹಚ್ಚಿ, ಅದೊಂದನ್ನೇ ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಡಿಸ್ಕ್ ಹಗುರಾಯಿತು, ಶಾಖೆಗಳು ಒಂದೊಂದಾಗಿ ಒಳಬಂದವು. ಗೋಡೆಯ ಚೌಕ ಮೊದಲೂ ಹಸಿರು, ಆಮೇಲೂ ಹಸಿರು. ಆಮೇಲಿನಿಂದ ಪಿಂಗ್ ಒಂದನ್ನೇ ನಂಬಿ ಹಸಿರು ತೋರಿಸುವುದನ್ನು ತೆಗೆಸಿ, ನಿಜವಾದ ಲಾಗಿನ್ ಮಾಡಿ ನೋಡುವ ಪರೀಕ್ಷೆ ಹಾಕಿಸಿದೆ.

ನಾವು ಕರೆದವರ ಬದಲು ಇನ್ಯಾರೋ ಓ ಎನ್ನುವುದೂ ಉಂಟು. ಸರ್ವರಿನ ವಿಳಾಸವನ್ನೇ ಹೊಸ ಪ್ರಿಂಟರಿಗೂ ಯಾರೋ ಕೊಟ್ಟಿರುತ್ತಾರೆ. ಆಗ ಉತ್ತರದ ಜೊತೆ ಬರುವ ಟಿಟಿಎಲ್ ಎಂಬ ಅಂಕೆ ಚಾಡಿ ಹೇಳುತ್ತದೆ: ವಿಂಡೋಸ್ ಯಂತ್ರಗಳು ಸಾಮಾನ್ಯವಾಗಿ 128ರಿಂದ ಶುರು ಮಾಡುತ್ತವೆ, ಲಿನಕ್ಸ್ 64ರಿಂದ. ಪಕ್ಕದ ಕೋಣೆಯ ವಿಂಡೋಸ್ ಸರ್ವರ್ 64 ಎಂದಿತೋ, ದನಿ ಬೇರೆಯವರದು.

ಈಗ ಮಲೆನಾಡಿನ ಬಹುತೇಕ ಶಾಖೆಗಳಿಗೆ ಫೈಬರ್ ಬಂದಿದೆ, ನಾನೂ ಬೆಂಗಳೂರಿನ ಒಂದು ಎಸಿ ಕೋಣೆಗೆ ಬಂದಿದ್ದೇನೆ. ಇಲ್ಲಿ ಮನುಷ್ಯರೇ ಒಬ್ಬರನ್ನೊಬ್ಬರು ಪಿಂಗ್ ಮಾಡುತ್ತಾರೆ. ಚಾಟ್ ಕಿಟಕಿಯಲ್ಲಿ ‘ಹಾಯ್ ಮೇಡಂ’ ಎಂದೊಂದು ಸಾಲು ಬರುತ್ತದೆ. ‘ಹೇಳಿ’ ಎನ್ನುತ್ತೇನೆ. ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ‘ಫ್ರೀ ಇದೀರಾ?’ ಎಂದು. ‘ಹೇಳಿ’. ಮತ್ತೆ ಮೌನ. ಊಟ ಮುಗಿಸಿ ಬಂದರೆ ಇನ್ನೊಂದು ಹಾಯ್ ಕಾದು ಕೂತಿರುತ್ತದೆ. ಅದರ ಹಿಂದೆ ಪ್ರಿಂಟರಿದೆಯೋ, ಪಾಸ್‌ವರ್ಡಿದೆಯೋ, ಬಿದ್ದುಹೋದ ಸರ್ವರಿದೆಯೋ ಕೇಳಿ ತಿಳಿಯುವ ಉಪಾಯವಿಲ್ಲ. ಅಜ್ಜಿಯ ಮಾತು ಹಿಡಿದು ನಾನೀಗ ಉತ್ತರ ಕೊಡುವುದು ಮೂರನೆಯ ಹಾಯ್‌ಗೆ.