ನಮ್ಮ ಮನೆಯ ಬ್ರಹ್ಮಕಮಲ

ಶಾಲೆಯ ಕೆಲಸದಿಂದ ವಿಶ್ರಾಂತಿ ಹೊಂದಿದ ವರ್ಷ ನಮಗೆ ಕೈತುಂಬ ಬಿಡುವು ದೊರೆಯಿತು. ಆ ಬಿಡುವೇ ಜಗಲಿಯ ಬ್ರಹ್ಮಕಮಲದ ಗಿಡಕ್ಕೆ ಮುಳುವಾಯಿತು. ಅದು ನಮ್ಮ ಗೃಹಿಣಿ ನೆಟ್ಟು ಬೆಳೆಸಿದುದು. ಆಕೆ ತೀರಿಕೊಂಡು ಆಗ ಎಂಟು ತಿಂಗಳು. ಆಕೆ ಅದಕ್ಕೆ ಎಂದು, ಎಷ್ಟು ನೀರೆರೆಯುತ್ತಿದ್ದಳೆಂಬುದನ್ನು ನಾವು ಒಂದು ದಿನವಾದರೂ ಕಣ್ಣಿಟ್ಟು ನೋಡಿದವರಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ಆಕೆಯೊಡನೆ ವಾದ ಹೂಡಿದ್ದುಂಟು. ನಿಜವಾದ ಬ್ರಹ್ಮಕಮಲವು ಹಿಮಾಲಯದಲ್ಲಿ 12,000 ಅಡಿಗಳಿಗೂ ಮೇಲೆ ಬೆಳೆಯತಕ್ಕದ್ದು, ಸೇವಂತಿಗೆಯ ಕುಲದ್ದು. ನಮ್ಮ ಕುಂಡದ್ದಾದರೋ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕಗಳಿಂದ ಬಂದ, ಮುಳ್ಳಿಲ್ಲದ ಒಂದು ಕಳ್ಳಿ. ಕಳ್ಳಿಗೆ ಕಮಲವೆನ್ನುವುದು ಯಾವ ನ್ಯಾಯವೆಂದು ನಾವು ಕೇಳಿದರೆ, "ಅರಳಿದ ರಾತ್ರಿ ಎದ್ದು ಬಂದು ನೋಡಿ, ಆಮೇಲೆ ಹೇಳಿ" ಎನ್ನುವಳು. ನಾವು ಒಂಬತ್ತಕ್ಕೇ ಮಲಗುವ ಅಭ್ಯಾಸದವರು. ಬೆಳಗ್ಗೆ ನಮಗೆ ಕಾಣುತ್ತಿದ್ದುದು ಜೋತುಬಿದ್ದ ಹೂವೇ.

ಆಕೆಯ ಗಿಡವೆಂಬ ಮಮತೆಯಿಂದ ನಾವು ಅದನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿದೆವು. ಜಿಗುಟಾದ ಕಪ್ಪು ಮಣ್ಣು ತುಂಬಿದೆವು. ಮಧ್ಯಾಹ್ನದ ಬಿಸಿಲಿನಲ್ಲಿಟ್ಟು ಎರಡು ಹೊತ್ತೂ ನೀರು ಹೊಯ್ದೆವು. ಒಂದೂವರೆ ತಿಂಗಳಲ್ಲಿ ಮೈಯೆಲ್ಲ ಹಳದಿಯಾಗಿ, ಬುಡ ಕೊಳೆತು, ಗಿಡವು ಒಂದು ಬೆಳಗ್ಗೆ ಕೈಗೇ ಕಿತ್ತು ಬಂದಿತು. ಆ ದಿನ ನಮಗೆ ಊಟ ಸೇರಲಿಲ್ಲ.

ಎದುರುಮನೆಯ ಹೆಣ್ಣುಮಗಳು ಸಂಗತಿ ತಿಳಿದು ಬಂದಳು. "ಮೇಷ್ಟ್ರೇ, ನಮ್ಮ ಮನೇಲಿರೋದು ಅಕ್ಕನೇ ಕೊಟ್ಟ ಎಲೆಯಿಂದ ಆದದ್ದು. ಬೇಕಾದಷ್ಟು ಕೊಡ್ತೀನಿ, ಆದರೆ ನಾನು ಹೇಳಿದ ಹಾಗೆ ಮಾಡಬೇಕು" ಎಂದಳು. ನಲವತ್ತು ವರ್ಷ ಪಾಠ ಹೇಳಿದ ನಾವು ಅಂದು ವಿದ್ಯಾರ್ಥಿಗಳಾದೆವು.

ನಾವು ಎಲೆಯೆನ್ನುವುದು ವಾಸ್ತವವಾಗಿ ಚಪ್ಪಟೆಯಾದ ಕಾಂಡ. ನೀರಿನ ಸಂಗ್ರಹವೆಲ್ಲ ಅದರಲ್ಲಿಯೇ. ತವರುಕಾಡಿನಲ್ಲಿ ಈ ಸಸ್ಯವು ಮರದ ಕವಲುಗಳಲ್ಲಿ, ಕೊಳೆತ ತರಗೆಲೆಯಲ್ಲಿ ಬೇರೂರಿ ಬಾಳುತ್ತದೆ. ಆದುದರಿಂದ ಅದರ ಬೇರಿಗೆ ಗಾಳಿ ಬೇಕು. ನಿಂತ ನೀರು ವಿಷ. ಗೇಣುದ್ದದ ತುಂಡನ್ನು ಕೊಯ್ದು, ಗಾಯ ಒಣಗುವವರೆಗೆ ಒಂದು ವಾರ ನೆರಳಿನಲ್ಲಿಟ್ಟೆವು. ತೂತುಳ್ಳ ಚಿಕ್ಕ ಕುಂಡದಲ್ಲಿ ತರಗೆಲೆಯ ಗೊಬ್ಬರ, ಕೆಮ್ಮಣ್ಣು, ದಪ್ಪ ಮರಳು, ಇಟ್ಟಿಗೆಯ ಚೂರು ಬೆರೆಸಿ, ಬುಡ ಯಾವುದು ತುದಿ ಯಾವುದೆಂದು ತಪ್ಪದೆ ನೋಡಿ, ಎರಡು ಬೆರಳಿನ ಆಳಕ್ಕೆ ನೆಟ್ಟೆವು. ಎಳೆಬಿಸಿಲು ಸಾಕು. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು; ಚಳಿಗಾಲದಲ್ಲಿ ಇನ್ನೂ ಕಡಿಮೆ. ನೀರೆರೆಯದೆ ಸುಮ್ಮನಿರುವುದು ನಮಗೆ ಎಷ್ಟು ಕಷ್ಟವಾಯಿತೆಂಬುದನ್ನು ಇಂಥ ಗಿಡವುಳ್ಳ ವಾಚಕರು ಬಲ್ಲರು.

ಮೂರನೆಯ ಮಳೆಗಾಲದಲ್ಲಿ, ಎಲೆಯ ಅಂಚಿನ ಕಚ್ಚಿನಲ್ಲಿ ಮೊಗ್ಗೊಂದು ಕಾಣಿಸಿತು. ಕೆಳಕ್ಕೆ ಜೋತಿದ್ದುದು ದಿನದಿನಕ್ಕೆ ಹಂಸದ ಕೊರಳಿನಂತೆ ಮೇಲಕ್ಕೆ ಬಾಗಿತು. ಅದು ಉಬ್ಬಿದ ದಿನ ಸಂಜೆಯೇ ಎದುರುಮನೆಗೆ ಹೇಳಿಕಳುಹಿಸಿದೆವು. ಎಂಟರ ಮೇಲೆ ದಳಗಳು ಸಡಿಲಿದವು. ಹನ್ನೊಂದರ ಹೊತ್ತಿಗೆ ಅಂಗೈಗೂ ಮಿಗಿಲಾದ ಬಿಳಿಯ ಹೂವು ಪೂರ್ಣವಾಗಿ ಬಿರಿದು, ಅದರ ಕಂಪು ನಡುಮನೆಯವರೆಗೂ ಹಬ್ಬಿತು. ನಾವು ಅದನ್ನು ನೋಡಿದ್ದು ಅದೇ ಮೊದಲು.

"ಇದರ ಹೆಸರೇನು, ತಾತ?" ಎಂದು ಆ ಮನೆಯ ಹುಡುಗ ಕೇಳಿದನು.

ಬ್ರಹ್ಮಕಮಲವೆಂದೆವು.