ಟಿವಿಯ ಕಪ್ಪು

ಕಾಟಿಪಳ್ಳದ ಎಷ್ಟೋ ಮನೆಗಳಿಗೆ ಬಣ್ಣದ ಟಿವಿ ಬಂದದ್ದು ಮಂಗಳೂರಿನ ಅಂಗಡಿಯಿಂದಲ್ಲ, ಗಲ್ಫಿನಿಂದ. 1960ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರಿಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟವರಿಗೆ ಕೊಟ್ಟ ಜಾಗ ಇದು. ಅದಕ್ಕೇ ಇಲ್ಲಿ ಊರಿನೊಳಗಿನ ಊರುಗಳಿಗೆ ಹೆಸರಿಗಿಂತ ಹೆಚ್ಚಾಗಿ ಬ್ಲಾಕಿನ ನಂಬರು ನಡೆಯುತ್ತದೆ. ಬಂದರು ಬಂತು, ಆದರೆ ಎಲ್ಲರಿಗೂ ಅದರಲ್ಲಿ ಕೆಲಸ ಸಿಗಲಿಲ್ಲ. ಬ್ಲಾಕಿನ ಹುಡುಗರು ದುಬೈ, ದಮ್ಮಾಮ್, ಕುವೈತ್ ಎಂದು ಹೊರಟರು. ರಜೆಯಲ್ಲಿ ಬರುವಾಗ ಮುಂಬಯಿಯಲ್ಲಿಳಿದು, ಕಸ್ಟಮ್ಸಿನ ಸಾಲು ದಾಟಿ, ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದು ಬಸ್ಸಿಗೆ ಹೇರಿಸಿ ತಂದರು. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಹಿಂದಿನ ಸೋನಿ, ನ್ಯಾಷನಲ್, ಜೆವಿಸಿಗಳೆಲ್ಲ ಹೀಗೆ ರಸ್ತೆ ಸವೆಸಿಯೇ ಬಂದವು.

ಅಲ್ಲಿ ಕೊಂಡ ಟಿವಿ ಇಲ್ಲಿ ಕೆಲಸ ಮಾಡಿದ್ದಕ್ಕೆ ಕಾರಣವಿದೆ. ದುಬೈಯಲ್ಲೂ ನಮ್ಮ ದೂರದರ್ಶನದಲ್ಲೂ ಇದ್ದದ್ದು ಒಂದೇ ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 25 ಚಿತ್ರ. ಸೌದಿಯಲ್ಲಿ ಸೆಕಾಂ ಪದ್ಧತಿ ಇದ್ದುದರಿಂದ ಅಲ್ಲಿಂದ ಬರುವವರು ‘ಮಲ್ಟಿ ಸಿಸ್ಟಮ್’ ಎಂದು ಬರೆದದ್ದನ್ನೇ ನೋಡಿ ಆರಿಸುತ್ತಿದ್ದರು. ಮುಂದೆ ಚಪ್ಪಟೆ ಟಿವಿಗಳೂ ಇದೇ ದಾರಿಯಲ್ಲಿ ಬಂದವು. 2013ರ ಆಗಸ್ಟ್ 26ರಿಂದ ಪ್ರಯಾಣಿಕರ ಲಗೇಜಿನಲ್ಲಿ ಬರುವ ಚಪ್ಪಟೆ ಟಿವಿಗೆ ಸುಂಕದ ವಿನಾಯಿತಿ ರದ್ದಾಯಿತು, ನೂರಕ್ಕೆ ಮೂವತ್ತೈದರ ಮೇಲೆ ಸುಂಕ ಬಿತ್ತು. ಆ ಪೆಟ್ಟಿಗೆಗಳ ಕಾಲ ಅಲ್ಲಿಗೆ ಮುಗಿಯಿತು.

ಈಗ ಮನೆಮನೆಯಲ್ಲಿ ಗೋಡೆಗೆ ತೂಗುಹಾಕಿದ ಟಿವಿ. ಆದರೂ ಹಿರಿಯರ ಬಾಯಲ್ಲಿ ಒಂದು ಮಾತು ನಿಂತಿಲ್ಲ: ‘ಹಳೇ ಡಬ್ಬಾ ಟಿವಿಯಲ್ಲೇ ಚಂದ ಕಾಣ್ತಿತ್ತು.’ ಮಕ್ಕಳು ಇದನ್ನು ಹಳೆಯ ಕಾಲದ ಮೋಹ ಎಂದುಕೊಳ್ಳುತ್ತಾರೆ. ಅದು ಬರೀ ಮೋಹವಲ್ಲ. ಯಾವುದನ್ನು ನೋಡುವಾಗ ಅವರು ಹಾಗನ್ನುತ್ತಾರೆ ಎಂದು ಗಮನಿಸಿದರೆ ಸಾಕು. ಕ್ರಿಕೆಟ್ ನೋಡುವಾಗ ಯಾರೂ ಹಾಗೆನ್ನುವುದಿಲ್ಲ, ವಾರ್ತೆ ನೋಡುವಾಗಲೂ ಇಲ್ಲ. ಯಕ್ಷಗಾನದ ಹಳೆಯ ಸಿ.ಡಿ. ಹಾಕಿದಾಗ, ಊರಿನ ದೈವದ ನೇಮದ ವಿಡಿಯೋ ಹಾಕಿದಾಗ ಆ ಮಾತು ಬರುತ್ತದೆ.

ತುಳುನಾಡಿನ ಕಲೆಯೆಲ್ಲ ರಾತ್ರಿಯದು. ಪಕ್ಕದ ಸುರತ್ಕಲ್ಲಿನ ಹೆಸರಿನಲ್ಲೇ ಒಂದು ಮೇಳವಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅದರಲ್ಲಿದ್ದರು. ಬೆಳಗಿನ ತನಕ ಕುಳಿತು ಆಟ ನೋಡಿ, ಮುಂಜಾವದ ಮೊದಲ ಬಸ್ಸಿಗೆ ಮನೆಗೆ ಬಂದು ಮಲಗಿದ ತಲೆಮಾರು ಈ ಬ್ಲಾಕುಗಳಲ್ಲಿ ಇನ್ನೂ ಇದೆ. ಕಟೀಲು ಮೇಳದ ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ಬರುವ ಹೊತ್ತನ್ನು ನೆನೆಯಿರಿ. ಅವನು ಬಣ್ಣ ಹಚ್ಚುವ ಚೌಕಿಯಿಂದ ನೇರ ರಂಗಕ್ಕೆ ಬರುವುದಿಲ್ಲ. ಜನರ ಹಿಂದಿನ ಕತ್ತಲಿನಿಂದ, ಸೂಟೆಯ (ಪಂಜಿನ) ಬೆಂಕಿಯ ನಡುವೆ ಬರುತ್ತಾನೆ. ರಾಳದ ಹುಡಿ ಎರಚಿದಾಗ ಬೆಂಕಿ ಭಗ್ಗೆಂದು ಮೇಲೇಳುತ್ತದೆ, ಆ ಒಂದು ಕ್ಷಣ ಕೋಡು, ಮುಖದ ಬಣ್ಣ, ಸುತ್ತಲಿನ ಹತ್ತಿಪ್ಪತ್ತು ಮುಖಗಳು ಕಾಣುತ್ತವೆ, ಮತ್ತೆ ಎಲ್ಲ ಮಾಯ. ಅಲ್ಲಿ ನೋಡುವವನಿಗೆ ಸಿಗುವುದರಲ್ಲಿ ಬೆಂಕಿಯ ಪಾಲು ಅರ್ಧ, ಕತ್ತಲಿನ ಪಾಲು ಅರ್ಧ.

ಅದೇ ದೃಶ್ಯದ ಸಿ.ಡಿ.ಯನ್ನು ರಾತ್ರಿ ಲೈಟು ಆರಿಸಿ 21 ಇಂಚಿನ ಟ್ಯೂಬ್ ಟಿವಿಯಲ್ಲಿ ಹಾಕಿದರೆ ಸೂಟೆ ಕತ್ತಲಿನೊಳಗಿಂದಲೇ ಹುಟ್ಟುತ್ತದೆ. ಪರದೆಯ ಅಂಚು ಎಲ್ಲಿ, ಕೋಣೆಯ ಕತ್ತಲು ಎಲ್ಲಿ ಎಂದು ಬೇರೆಯಾಗಿ ತೋರುವುದಿಲ್ಲ. ಸಾಮಾನ್ಯ ಎಲ್‌ಇಡಿ ಟಿವಿಯಲ್ಲಿ ಹಾಕಿದರೆ ಮೊದಲು ಕಾಣುವುದು ಒಂದು ಬೂದು ಚೌಕ. ಕತ್ತಲು ಇರಬೇಕಾದಲ್ಲಿ ನೀಲಿ ಬೆರೆತ ಮಬ್ಬು, ಮೂಲೆಗಳಲ್ಲಿ ಮೋಡದಂತೆ ಬಿಳಿ ಕಲೆ. ಮಹಿಷಾಸುರ ಬರುವ ಮೊದಲೇ ಅವನು ಬರುವ ಜಾಗ ಬೆಳಗಿರುತ್ತದೆ.

ಇದಕ್ಕೆ ಕಾರಣ ಎರಡು ಯಂತ್ರಗಳು ಬೆಳಕನ್ನು ಹುಟ್ಟಿಸುವ ರೀತಿಯಲ್ಲಿದೆ. ಟ್ಯೂಬಿನ ಕತ್ತಿನಲ್ಲಿ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನ್‌ಗಳು ಸುಮಾರು 25 ಸಾವಿರ ವೋಲ್ಟಿನ ಸೆಳೆತಕ್ಕೆ ಮುನ್ನುಗ್ಗಿ ಗಾಜಿನ ಒಳಮೈಗೆ ಬಳಿದ ಫಾಸ್ಫರಿಗೆ ಬಡಿಯುತ್ತವೆ. ಬಡಿದಲ್ಲಿ ಬೆಳಕು, ಬಡಿಯದಲ್ಲಿ ಏನೂ ಇಲ್ಲ. ಕಪ್ಪು ತೋರಿಸಬೇಕೆಂದರೆ ಆ ಧಾರೆಯನ್ನು ನಿಲ್ಲಿಸಿದರೆ ಆಯಿತು. ಎಲ್‌ಸಿಡಿಯಲ್ಲಿ ಹಾಗಲ್ಲ. ಹಿಂದೆ ದೀಪ ಸದಾ ಉರಿಯುತ್ತಿರುತ್ತದೆ. ಮುಂದಿರುವ ದ್ರವಸ್ಫಟಿಕದ ಪದರ ಆ ಬೆಳಕನ್ನು ತಡೆಯಬೇಕು. ಪೂರ್ತಿ ತಡೆಯಲು ಅದಕ್ಕಾಗುವುದಿಲ್ಲ. ಐಪಿಎಸ್ ಎಂಬ ಬಗೆಯ ಪ್ಯಾನೆಲಿನಲ್ಲಿ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು ಸಾವಿರ ಪಟ್ಟು, ವಿಎ ಪ್ಯಾನೆಲಿನಲ್ಲಿ ಮೂರು ಸಾವಿರ ಪಟ್ಟು ಅಥವಾ ಇನ್ನೂ ಹೆಚ್ಚು. ಅಂಗಡಿಯಲ್ಲಿ ‘ಎಲ್‌ಇಡಿ ಟಿವಿ’ ಎಂದು ಕೊಡುವುದೂ ಎಲ್‌ಸಿಡಿಯೇ. ಹಿಂದಿನ ದೀಪ ಮಾತ್ರ ಎಲ್‌ಇಡಿ. ಟಿವಿ ಕೊಳ್ಳಲು ಹೋದವರಿಗೆ ಇಂಚು ಹೇಳುತ್ತಾರೆ, ಆ್ಯಪ್‌ಗಳ ಹೆಸರು ಹೇಳುತ್ತಾರೆ, ಪ್ಯಾನೆಲ್ ಐಪಿಎಸ್ಸೋ ವಿಎಯೋ ಎಂದು ಹೇಳುವವರು ಕಡಿಮೆ. ನಮ್ಮ ಕಡೆಯವರು ಮೊದಲು ಕೇಳಬೇಕಾದದ್ದು ಅದನ್ನೇ.

ಟ್ಯೂಬನ್ನು ಹೊಗಳುವಾಗ ಅದರ ಕಪ್ಪು ರಾತ್ರಿಯ ಕಪ್ಪು ಎಂಬುದನ್ನೂ ಹೇಳಬೇಕು. ಹಗಲಲ್ಲಿ, ಬಾಗಿಲು ತೆರೆದ ಜಗಲಿಯಲ್ಲಿ, ಅದರ ಕಪ್ಪು ಆಫ್ ಮಾಡಿದ ಗಾಜಿನ ಬಣ್ಣಕ್ಕಿಂತ ಗಾಢವಾಗಲಾರದು. ಆ ಬಣ್ಣ ಹಸಿರು ಬೆರೆತ ಬೂದು. ಉಬ್ಬಿದ ಗಾಜಿನಲ್ಲಿ ಕಿಟಕಿ, ಅಂಗಳದ ತೆಂಗಿನಮರ, ನೋಡುತ್ತಾ ಕುಳಿತವರು ಎಲ್ಲ ಪ್ರತಿಫಲಿಸುತ್ತಿದ್ದರು. ಚಿತ್ರದ ಒಂದು ಭಾಗ ತುಂಬ ಬೆಳ್ಳಗಿದ್ದರೆ ದಪ್ಪ ಗಾಜಿನೊಳಗೆ ಬೆಳಕು ಚದುರಿ ಪಕ್ಕದ ಕಪ್ಪನ್ನೂ ಕೆಡಿಸುತ್ತಿತ್ತು. ಸಮುದ್ರದ ಉಪ್ಪುಗಾಳಿಗೆ ಆಂಟೆನಾ ತುಕ್ಕು ಹಿಡಿದು ಚುಕ್ಕಿ ಬರುತ್ತಿತ್ತು. ಮಳೆಗಾಲದ ತೇವಕ್ಕೆ ಒಳಗೆ ಹೈವೋಲ್ಟೇಜ್ ಚಟಚಟ ಸೋರುತ್ತಿತ್ತು. ವರ್ಷಗಳು ಕಳೆದಂತೆ ಕ್ಯಾಥೋಡ್ ಸೊರಗಿ ಬೆಳಕು ಕುಂದುತ್ತಿತ್ತು, ಮೆಕ್ಯಾನಿಕ್ ಹಿಂದಿನ ಮುಚ್ಚಳ ತೆಗೆದು ‘ಟ್ಯೂಬ್ ವೀಕ್ ಆಗಿದೆ’ ಎನ್ನುತ್ತಿದ್ದ. ಟ್ರಿನಿಟ್ರಾನ್ ಪರದೆಯಲ್ಲಿ ಅಡ್ಡಕ್ಕೆ ಒಂದೆರಡು ನೂಲಿನಷ್ಟು ತೆಳು ನೆರಳು ಕಾಣುತ್ತಿತ್ತು. ಬಣ್ಣದ ಪಟ್ಟಿಗಳ ಹಿಂದೆ ಲಂಬವಾಗಿ ಬಿಗಿದ ಸಣ್ಣ ತಂತಿಗಳು ಅಲುಗದಂತೆ ಹಿಡಿಯಲು ಹಾಕಿದ ತಂತಿಯ ನೆರಳು ಅದು. ಸೋನಿ ಆ ಟ್ಯೂಬನ್ನು 1968ರಲ್ಲಿ ಹೊರತಂದಿತು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಒಂದೊಂದಾಗಿ ಕಾಣುತ್ತಿದ್ದವು. ಮಕ್ಕಳಾಗಿದ್ದಾಗ ಬೈಸಿಕೊಂಡರೂ ಬಿಡದೆ ನಾವೆಲ್ಲ ನೋಡಿದ್ದೇವೆ.

ಕಪ್ಪಿನಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಚಲನೆ. ತೆಂಕುತಿಟ್ಟಿನ ಪುಂಡುವೇಷ ಗಾಳಿಯಲ್ಲಿ ಸುತ್ತುತ್ತ ದಿಗಿಣ ಹಾರುವುದನ್ನು ಟ್ಯೂಬಿನಲ್ಲಿ ನೋಡಿದವರಿಗೆ ಚಪ್ಪಟೆ ಟಿವಿಯಲ್ಲಿ ಏನೋ ಕಳೆದಂತೆ ಅನಿಸುತ್ತದೆ. ಟ್ಯೂಬಿನಲ್ಲಿ ಒಂದೊಂದು ಗೆರೆಯೂ ಕ್ಷಣಮಾತ್ರ ಮಿಂಚಿ ಆರುತ್ತದೆ, ಮುಂದಿನ ಮಿಂಚಿನ ತನಕ ಅಲ್ಲಿ ಕತ್ತಲು. ಕಣ್ಣು ವೇಷದ ಹಿಂದೆ ಓಡುವಾಗ ಪ್ರತಿ ಮಿಂಚೂ ಸರಿಯಾದ ಜಾಗದಲ್ಲಿ ಬೀಳುತ್ತದೆ. ಎಲ್‌ಸಿಡಿ ಒಂದು ಚಿತ್ರವನ್ನು ಸೆಕೆಂಡಿನ ಐವತ್ತನೇ ಒಂದು ಭಾಗ, ಅಂದರೆ 20 ಮಿಲಿಸೆಕೆಂಡ್, ಹಾಗೆಯೇ ಹಿಡಿದು ನಿಲ್ಲಿಸುತ್ತದೆ. ಆ ಹೊತ್ತಿಗೆ ಕಣ್ಣು ಮುಂದೆ ಸಾಗಿರುತ್ತದೆ, ಪರದೆಯ ವೇಷ ನಿಂತಲ್ಲೇ ಇರುತ್ತದೆ, ಎರಡರ ನಡುವೆ ಅಂಚು ಕದಡುತ್ತದೆ. ಗಿರ್ರನೆ ತಿರುಗುವ ವೇಷದ ಎದೆಪದಕ, ತೋಳಿನ ಆಭರಣ ಎಲ್ಲ ಒಂದೇ ಹೊಳಪಿನ ಪಟ್ಟಿಯಾಗುತ್ತವೆ. ಇದನ್ನು ಮುಚ್ಚಲು ಟಿವಿಗಳು ನಡುವೆ ಇಲ್ಲದ ಚಿತ್ರಗಳನ್ನು ತಾವೇ ಲೆಕ್ಕ ಹಾಕಿ ತುಂಬುತ್ತವೆ. ಆಗ ದಿಗಿಣ ನುಣುಪಾಗುತ್ತದೆ ನಿಜ, ಆದರೆ ಕಾಲು ನೆಲಕ್ಕೆ ಬಡಿಯುವ ಪೆಟ್ಟು ಕಾಣುವುದಿಲ್ಲ, ವೇಷಧಾರಿ ತೇಲುತ್ತಾನೆ. ಯಕ್ಷಗಾನಕ್ಕೆ ಇದು ಸಲ್ಲದು. ಚೆಂಡೆಯ ಪೆಟ್ಟೂ ಕಾಲಿನ ಪೆಟ್ಟೂ ಕೂಡದೆ ಹೋದರೆ ನೋಡುವುದಕ್ಕೇನಿದೆ?

ಚಪ್ಪಟೆ ಟಿವಿಯ ದೊಡ್ಡ ಗುಣವನ್ನು ಕಾಣಬೇಕಾದರೆ ಹೊಸ ಎಚ್‌ಡಿ ಚಿತ್ರೀಕರಣ ನೋಡಬೇಕು. ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕುಳಿತು ಇಡುವ ಚಿಟ್ಟಿಯ ಒಂದೊಂದು ಮುಳ್ಳೂ ಬೇರೆ ಬೇರೆಯಾಗಿ ಕಾಣುತ್ತದೆ, ಯಾವುದು ಬೆವರಿಗೆ ಸಡಿಲವಾಗಿದೆ ಎಂಬುದೂ ಕಾಣುತ್ತದೆ. ಹಿಂದೆ ಇದನ್ನು ಕಂಡವರು ಚೌಕಿಗೆ ಹೋಗಿ ಕುಳಿತವರು ಮಾತ್ರ. ಕ್ಯಾಸೆಟ್ಟಿನಲ್ಲಿ ಅದು ಒಂದು ಬಿಳಿ ಮಬ್ಬು. ವೇಷದ ಕೆಂಪು ಬಟ್ಟೆಯ ಅಂಚು ದಾಟಿ ಪಕ್ಕಕ್ಕೆ ಹರಿದಿರುತ್ತಿತ್ತು, ಏಕೆಂದರೆ ವಿಎಚ್‌ಎಸ್ ಟೇಪು ಬಣ್ಣದ ವಿವರವನ್ನು ತೀರಾ ಸ್ವಲ್ಪ ಹಿಡಿಯುತ್ತಿತ್ತು. ಹಾಸಿಗೆ ಹಿಡಿದ ಅಜ್ಜಿಯೊಬ್ಬರು ಗೋಡೆಯ 43 ಇಂಚಿನ ಪರದೆಯಲ್ಲಿ ಚಿಟ್ಟಿಯ ಮುಳ್ಳು ನೋಡಿ ಎಣಿಸುತ್ತಾರೆಂದರೆ ಆ ಟಿವಿಗೆ ನಾನು ಕೈಮುಗಿಯುತ್ತೇನೆ.

ತೊಂದರೆ ಬರುವುದು ಹಳೆಯ ಚಿತ್ರವನ್ನು ಹೊಸ ಪರದೆಗೆ ಹಾಕಿದಾಗ. ನಮ್ಮ ಹಳೆಯ ಪದ್ಧತಿಯ 625 ಗೆರೆಗಳಲ್ಲಿ ಚಿತ್ರವಿರುವುದು 576ರಲ್ಲಿ. ಅದನ್ನು ಡಿಜಿಟಲ್ ಮಾಡಿದರೆ ಅಡ್ಡಕ್ಕೆ 720, ಉದ್ದಕ್ಕೆ 576, ಒಟ್ಟು 4,14,720 ಪಿಕ್ಸೆಲ್. 4ಕೆ ಟಿವಿಯಲ್ಲಿರುವುದು 82,94,400. ಭಾಗಿಸಿದರೆ ಸರಿಯಾಗಿ ಇಪ್ಪತ್ತು. ಪೂರ್ತಿ ಪರದೆ ತುಂಬಿಸಿದರೆ ಒಂದು ಪಿಕ್ಸೆಲ್ಲಿನ ಸುದ್ದಿಯನ್ನು ಇಪ್ಪತ್ತು ಪಿಕ್ಸೆಲ್ಲಿಗೆ ಹಂಚಬೇಕು. ಹತ್ತೊಂಬತ್ತನ್ನು ಟಿವಿ ಊಹಿಸಿಯೇ ತುಂಬಬೇಕು. ಸಿ.ಡಿ.ಯಲ್ಲಿ ಇರುವುದು ಆ 4,14,720ರ ಕಾಲು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಟ್ಯೂಬಿನಲ್ಲಿ ಗೆರೆಗಳ ಮೃದು ಅಂಚು ಈ ಕೊರತೆಯನ್ನು ಮುಚ್ಚುತ್ತಿತ್ತು. ಚಪ್ಪಟೆ ಟಿವಿ ಅದನ್ನು ಎತ್ತಿ ತೋರಿಸುತ್ತದೆ, ಮೇಲಿನಿಂದ ಷಾರ್ಪ್‌ನೆಸ್ ಹಾಕಿ ಮುಖದ ಸುತ್ತ ಬಿಳಿ ಗೆರೆ ಎಳೆಯುತ್ತದೆ.

ಇದಕ್ಕಿಂತ ನೋವಾಗುವುದು ಚಿತ್ರವನ್ನು ಅಡ್ಡಕ್ಕೆ ಎಳೆದಾಗ. 4:3ರ ಚಿತ್ರವನ್ನು 16:9ಕ್ಕೆ ಹಿಗ್ಗಿಸಿದರೆ ಅಗಲ ಮೂರನೇ ಒಂದು ಪಾಲು ಹೆಚ್ಚುತ್ತದೆ. ಕಿರೀಟವೇಷದ ಗಾಂಭೀರ್ಯವೆಲ್ಲ ಅದರ ಎತ್ತರದಲ್ಲಿದೆ; ಎಳೆದಾಗ ಕಿರೀಟ ಕುಳ್ಳಗಾಗಿ, ವೇಷ ಡುಮ್ಮಗಾಗಿ, ಕಲಾವಿದರ ಶರೀರಕ್ಕೇ ಅವಮಾನವಾಗುತ್ತದೆ. ತೀರಿಹೋದ ಕಲಾವಿದರ ಕೊನೆಯ ದಾಖಲೆಯನ್ನೂ ಹೀಗೆ ಎಳೆದೇ ನೋಡುತ್ತೇವೆ, ಎರಡು ಬದಿಯ ಕಪ್ಪು ಪಟ್ಟಿ ‘ವೇಸ್ಟ್’ ಎಂಬ ಒಂದೇ ಕಾರಣಕ್ಕೆ. ರಿಮೋಟಿನಲ್ಲಿ 4:3 ಒತ್ತಿದರೆ ಸರಿಹೋಗುತ್ತದೆ. ಜತೆಗೆ ಪಿಕ್ಚರ್ ಮೋಡನ್ನು ‘ವಿವಿಡ್’ನಿಂದ ‘ಮೂವಿ’ಗೆ ತನ್ನಿ, ಷಾರ್ಪ್‌ನೆಸ್ ಸೊನ್ನೆಯ ಹತ್ತಿರ ಇಡಿ, ಮೋಷನ್ ಎಂದಿರುವುದನ್ನು ಆಫ್ ಮಾಡಿ, ರಾತ್ರಿಯಲ್ಲಿ ಬ್ಯಾಕ್‌ಲೈಟ್ ಇಳಿಸಿ. ಟಿವಿಯ ಹಿಂದಿನ ಗೋಡೆಗೆ ಒಂದು ಸಣ್ಣ ಬಲ್ಬು ಹಚ್ಚಿದರೆ ಬೂದು ಕಪ್ಪೂ ಕಣ್ಣಿಗೆ ಹೆಚ್ಚು ಕಪ್ಪಾಗಿ ತೋರುತ್ತದೆ. ಇಷ್ಟಕ್ಕೆ ಖರ್ಚೇನೂ ಇಲ್ಲ.

ಖರ್ಚು ಮಾಡಬಲ್ಲವರಿಗೆ ಓಎಲ್‌ಇಡಿ ಇದೆ. ಅದರಲ್ಲಿ ಹಿಂದಿನ ದೀಪವಿಲ್ಲ, ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ದೊಡ್ಡ ಓಎಲ್‌ಇಡಿ ಟಿವಿಗಳು ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಕಪ್ಪಿನ ಮಟ್ಟಿಗೆ ಅದು ಟ್ಯೂಬನ್ನು ಮೀರಿಸಿದೆ, ಏಕೆಂದರೆ ದಪ್ಪ ಗಾಜಿನೊಳಗೆ ಬೆಳಕು ಚದುರುವ ದೋಷ ಅದಕ್ಕಿಲ್ಲ. ಮಹಿಷಾಸುರನ ಸೂಟೆ ಅದರಲ್ಲಿ ನಿಜವಾದ ಕತ್ತಲಿನೊಳಗೆ ಉರಿಯುತ್ತದೆ. ಆದರೆ ಅದೂ ಚಿತ್ರವನ್ನು ಹಿಡಿದು ನಿಲ್ಲಿಸುವ ಯಂತ್ರವೇ. ದಿಗಿಣದ ಅಂಚು ಅಲ್ಲಿಯೂ ಕದಡುತ್ತದೆ. ನಡುವೆ ಪ್ಲಾಸ್ಮಾ ಎಂಬುದೊಂದು ಬಂದಿತ್ತು, ಕಪ್ಪಿನಲ್ಲೂ ಚಲನೆಯಲ್ಲೂ ಟ್ಯೂಬಿಗೆ ತೀರ ಹತ್ತಿರದ್ದು. ಕರೆಂಟು ಬಹಳ ತಿನ್ನುತ್ತದೆ, ಭಾರ ಎಂದು ಜನ ಬಿಟ್ಟರು. 2014ರ ಸುಮಾರಿಗೆ ದೊಡ್ಡ ಕಂಪನಿಗಳೆಲ್ಲ ಅದರ ತಯಾರಿಕೆ ನಿಲ್ಲಿಸಿದವು.

ಕಾಟಿಪಳ್ಳದ ಬೀರುಗಳಲ್ಲಿ ಈಗಲೂ ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ: ಮದುವೆ, ಬಯಲಾಟ, ದೈವದ ನೇಮ, ಗಲ್ಫಿನಲ್ಲಿದ್ದ ಮಗನಿಗೆ ಕಳಿಸಲೆಂದು ತೆಗೆಸಿದ ಮನೆ ಒಕ್ಕಲು. ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಕೂರುತ್ತಿದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಸಲು ಕೊಡುವವರಲ್ಲಿ ನನ್ನದೊಂದು ಕೋರಿಕೆ. ಟೇಪಿನಲ್ಲಿ ಸೆಕೆಂಡಿಗೆ 25 ಚಿತ್ರವೆಂದರೂ ಪ್ರತಿ ಚಿತ್ರ ಎರಡು ಅರ್ಧಗಳಲ್ಲಿದೆ, ಇದಕ್ಕೆ ಇಂಟರ್‌ಲೇಸ್ ಎನ್ನುತ್ತಾರೆ. ಬೆಸ ಗೆರೆಗಳು ಒಂದು ಕ್ಷಣದವು, ಸರಿ ಗೆರೆಗಳು ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲಿನವು. ಟ್ಯೂಬು ಇವನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿತ್ತು, ಚಲನೆ ಐವತ್ತು ಹೆಜ್ಜೆಯಲ್ಲಿ ಸಾಗುತ್ತಿತ್ತು. ಅವಸರದಲ್ಲಿ ಕನ್ವರ್ಟ್ ಮಾಡುವವರು ಎರಡನ್ನೂ ಒಟ್ಟಿಗೆ ಅಂಟಿಸುತ್ತಾರೆ, ಆಗ ತಿರುಗುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ಇಲ್ಲವೇ ಒಂದರ್ಧವನ್ನು ಎಸೆದೇ ಬಿಡುತ್ತಾರೆ, ಚಲನೆ ಇಪ್ಪತ್ತೈದಕ್ಕೆ ಇಳಿಯುತ್ತದೆ. ಎಸೆದ ಅರ್ಧ ಮತ್ತೆ ಸಿಗುವುದಿಲ್ಲ, ಟೇಪು ಬೂಷ್ಟು ಹಿಡಿದ ಮೇಲೆ ಇನ್ನೊಮ್ಮೆ ಹಾಕಿಸಲೂ ಆಗುವುದಿಲ್ಲ. ಅಂಗಡಿಯವರಿಗೆ ‘50 ಫ್ರೇಮಿಗೆ ಡಿಇಂಟರ್‌ಲೇಸ್ ಮಾಡಿ, 4:3ರಲ್ಲೇ ಇಡಿ, ಒಂದು ಕಾಪಿ ಇಂಟರ್‌ಲೇಸ್ ಇದ್ದಂತೆಯೇ ಕೊಡಿ’ ಎಂದು ಚೀಟಿಯಲ್ಲಿ ಬರೆದು ಕೊಡಿ. ಫೈಲು ಸ್ವಲ್ಪ ದೊಡ್ಡದಾಗುತ್ತದೆ. ದಿಗಿಣ ಪೂರ್ತಿ ಉಳಿಯುತ್ತದೆ.