ಐದು ನಿಮಿಷದ ಅಂತರ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಇವೆಲ್ಲ ಸಣ್ಣ, ದೊಡ್ಡ ಕಾರ್ಖಾನೆಗಳಿರುವ ಪ್ರದೇಶಗಳು. ಇಲ್ಲಿನ ಕಚೇರಿಗಳಿಗೆ ಆರ್ಡರು, ಬಿಲ್ಲು, ಟೆಂಡರು ಎಲ್ಲವೂ ಬರುವುದು ಇಮೇಲ್‌ನಲ್ಲಿ. ಒಂದು ಹೊತ್ತು ಇಮೇಲ್ ನಿಂತರೆ ಲಾರಿಗೆ ಮಾಲು ಏರುವುದೂ ನಿಲ್ಲುತ್ತದೆ. ಅನೇಕರು ತಮ್ಮ ಮೇಲ್ ವ್ಯವಸ್ಥೆಯನ್ನು ದೊಡ್ಡ ಕಂಪೆನಿಗಳ ಕ್ಲೌಡ್‌ಗೆ ಒಪ್ಪಿಸಿಬಿಟ್ಟಿದ್ದಾರೆ. ಆದರೂ ಕಚೇರಿಯ ಮೂಲೆಯ ಕೋಣೆಯಲ್ಲಿ ಸ್ವಂತ ಸರ್ವರ್ ಇಟ್ಟುಕೊಂಡವರು ಇದ್ದಾರೆ. ಅಂಥ ಕೆಲವನ್ನು ನೋಡಿಕೊಳ್ಳುವುದು ನಮ್ಮ ಹೊಟ್ಟೆಪಾಡು.

ಪ್ರತಿಯೊಂದಕ್ಕೂ ಧಾರವಾಡದಿಂದ ಹುಬ್ಬಳ್ಳಿಗೆ ಓಡಲಾಗದು. ಅದಕ್ಕೆಂದೇ ದೂರದಿಂದ ಸರ್ವರ್ ನಿಭಾಯಿಸುವ ಸಲಕರಣೆಗಳಿವೆ. ಹೊಸಬರಿಗೆ ಮೇಲ್‌ಬಾಕ್ಸ್ ತೆರೆಯುವುದು, ಮರೆತ ಪಾಸ್‌ವರ್ಡ್ ಬದಲಿಸುವುದು, ಸರದಿಯಲ್ಲಿ ಸಿಕ್ಕಿಬಿದ್ದ ಮೇಲ್‌ಗಳನ್ನು ನೋಡುವುದು ಎಲ್ಲವೂ ನಮ್ಮ ಮೇಜಿನಿಂದಲೇ ಆಗುತ್ತದೆ. ಹೇಳಬೇಕೆಂದರೆ ಇಡೀ ಕಚೇರಿಯ ಕೀಲಿಕೈ ಗೊಂಚಲು ನಮ್ಮ ಕೈಯಲ್ಲಿರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಇಂಥದೊಂದು ಕಚೇರಿಯಿಂದ ಫೋನ್ ಬಂತು. ಹಿಂದಿನ ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಮೇಲ್ ನಿಂತಿತ್ತು. ನಮ್ಮ ಸಲಕರಣೆಯೂ ಒಳಗೆ ಬಿಡದೆ ಲಾಗಿನ್ ವಿಫಲವೆಂದು ಹೇಳುತ್ತಿತ್ತು. ಮಾಲೀಕರು ಆಗಲೇ ತೀರ್ಪು ಕೊಟ್ಟಾಗಿತ್ತು. "ಆ ಕಂಪ್ಯೂಟರ್ ಹುಡುಗಂದ ಕೆಲಸ ಇದು. ಮೊನ್ನೆ ಪಗಾರದ ಸಲುವಾಗಿ ಜಗಳಾ ಮಾಡ್ಯಾನ. ಪಾಸ್‌ವರ್ಡ್ ಬದಲಿ ಮಾಡಿ ಹೋಗ್ಯಾನ ನೋಡ್ರಿ. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಎಂದರು. ಹುಡುಗನಿಗೆ ಕೆಲಸಕ್ಕೆ ಬರಬೇಡವೆಂದು ಹೇಳಿಯೂ ಆಗಿತ್ತು.

ಇದು ಸಣ್ಣ ಮಾತಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ, ಮೋಸದಿಂದ ಇನ್ನೊಬ್ಬರ ಪಾಸ್‌ವರ್ಡ್ ಬಳಸಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ಆರೋಪ ಸುಳ್ಳೆಂದು ಮುಂದೆ ರುಜುವಾತಾದರೂ, ಒಮ್ಮೆ ಠಾಣೆ ಮೆಟ್ಟಿಲು ಹತ್ತಿದ ಬಡವರ ಮನೆಯ ಹುಡುಗನಿಗೆ ಈ ಊರಲ್ಲಿ ಮತ್ತೆ ಯಾರು ಕೆಲಸ ಕೊಡುತ್ತಾರೆ? "ಒಂದು ತಾಸು ತಡೀರಿ ಸಾಹೇಬ್ರ" ಎಂದು ಕೇಳಿಕೊಂಡೆವು.

ಸರ್ವರಿಗೆ ಪಿಂಗ್ ಮಾಡಿದೆವು, ಉತ್ತರ ಬಂತು. ಸಲಕರಣೆ ಬಳಸುವ ಪೋರ್ಟ್ ತೆರೆದೇ ಇತ್ತು. ಅಂದರೆ ಫೈರ್‌ವಾಲ್ ಅಡ್ಡ ಬಂದಿರಲಿಲ್ಲ. ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಆ ಕಚೇರಿಯ ಇನ್ನೊಂದು ಸರ್ವರಿಗೆ ಹೋದೆವು. ಅದು ಒಳಗೆ ಬಿಟ್ಟಿತು. ಬಳಕೆದಾರರ ದಾಖಲೆಗಳೆಲ್ಲ ಇರುವುದು ಆ ಎರಡನೆಯ ಸರ್ವರಿನಲ್ಲಿ. ಪಾಸ್‌ವರ್ಡ್ ಕೊನೆಗೆ ಬದಲಾದ ದಿನಾಂಕವೂ ಅಲ್ಲಿರುತ್ತದೆ. ನೋಡಿದರೆ, ಅದು ತಿಂಗಳ ಹಿಂದೆ ನಾವೇ ಬದಲಿಸಿದ ದಿನಾಂಕ.

ಪಾಸ್‌ವರ್ಡನ್ನು ಯಾರೂ ಮುಟ್ಟಿರಲಿಲ್ಲ. ಹಾಗಾದರೆ ಬಾಗಿಲು ಏಕೆ ತೆರೆಯುತ್ತಿಲ್ಲ? ಅಲ್ಲಿನ ಲೆಕ್ಕಿಗರಿಗೆ ಫೋನ್ ಮಾಡಿ, ಸರ್ವರಿನ ಪರದೆ ಮೇಲೆ ಗಂಟೆ ಎಷ್ಟು ತೋರಿಸುತ್ತದೆ ಎಂದು ಕೇಳಿದೆವು. "ಹನ್ನೊಂದೂ ಐದು" ಎಂದರು. ನಮ್ಮ ಗೋಡೆಯ ಗಡಿಯಾರದಲ್ಲಿ ಆಗ 11-48.

ವಿಂಡೋಸ್ ಸರ್ವರುಗಳು ಪರಸ್ಪರ ಗುರುತು ಹಿಡಿಯಲು ಕೆರ್ಬೆರೋಸ್ ಎಂಬ ಪದ್ಧತಿ ಬಳಸುತ್ತವೆ. ಅದು ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ರೂಪುಗೊಂಡದ್ದು. ಸಿನೆಮಾ ಟಿಕೆಟಿನಂತೆ ಇಲ್ಲಿಯೂ ಒಂದು ಟಿಕೆಟ್ ಇರುತ್ತದೆ, ಅದರ ಮೇಲೆ ಸಮಯ ಇರುತ್ತದೆ. ಹಳೆಯ ಟಿಕೆಟ್ ಕದ್ದವನು ಅದನ್ನೇ ಮತ್ತೆ ತೋರಿಸಿ ಒಳನುಗ್ಗಬಾರದೆಂಬುದೇ ಇದರ ಉದ್ದೇಶ. ಹಾಗಾಗಿ ಎರಡು ಯಂತ್ರಗಳ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ನಿಜವಾದ ಯಜಮಾನನೇ ಬಂದರೂ ಬಾಗಿಲು ತೆರೆಯದು. ಆ ಸರ್ವರಿನೊಳಗಿನ ನಾಣ್ಯದ ಗಾತ್ರದ ಬ್ಯಾಟರಿ ಸತ್ತಿತ್ತು. ಸಮಯ ಸರಿಹೊಂದಿಸುವ ಸೇವೆಯೂ ನಿಂತಿತ್ತು. ಕರೆಂಟ್ ಹೋದಾಗ ಗಡಿಯಾರ ಹಿಂದೆ ಬಿದ್ದಿತ್ತು, ಅಷ್ಟೇ. ನಾವು ಹೋಗಿ ಬ್ಯಾಟರಿ ಬದಲಿಸಿ, ಸಮಯ ಸರಿಪಡಿಸಿದೆವು. ಸಲಕರಣೆ ಒಳಗೆ ಬಿಟ್ಟಿತು, ಮೇಲ್‌ಗಳು ಹೊರಟವು.

ಯಂತ್ರಲೋಕದಲ್ಲಿ ಇಂಥದು ಅಪರೂಪವೇನಲ್ಲ. 2022ರ ಜನವರಿ 1ರಂದು ಜಗತ್ತಿನಾದ್ಯಂತ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರುಗಳಲ್ಲಿ ಮೇಲ್‌ಗಳು ಸರದಿಯಲ್ಲೇ ಸಿಕ್ಕಿಕೊಂಡವು. ಅದು ಯಾರ ದಾಳಿಯೂ ಆಗಿರಲಿಲ್ಲ. ವೈರಸ್ ಹುಡುಕುವ ತಂತ್ರಾಂಶವು ದಿನಾಂಕವನ್ನು 2201010001 ಎಂಬ ಸಂಖ್ಯೆಯಾಗಿ ಬರೆದಿತ್ತು. ಆ ಲೆಕ್ಕದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 2147483647. ವರ್ಷ ಬದಲಾಯಿತು, ಸಂಖ್ಯೆ ಉಕ್ಕಿ ಹರಿಯಿತು.

ಹಾಗೆಂದು ಯಾರನ್ನೂ ಎಂದೂ ಸಂಶಯಿಸಬಾರದೇ? 2021ರ ಮಾರ್ಚ್‌ನಲ್ಲಿ ಇದೇ ಎಕ್ಸ್‌ಚೇಂಜ್‌ನ ದೋಷಗಳನ್ನು ಬಳಸಿ ಸಾವಿರಾರು ಕಚೇರಿಗಳ ಮೇಲ್‌ಗಳಿಗೆ ಕನ್ನ ಹಾಕಿದ್ದು ನಿಜ. ಆದ್ದರಿಂದ ಪರಿಶೀಲನೆ ಬೇಕೇ ಬೇಕು. ಆದರೆ ಪರಿಶೀಲನೆ ಬೇರೆ, ಸಂಶಯ ಬೇರೆ. ಪರಿಶೀಲನೆ ಮಾಡುವವನು ತನಗೆ ಇನ್ನೂ ಗೊತ್ತಿಲ್ಲ ಎಂಬಲ್ಲಿಂದ ಹೊರಡುತ್ತಾನೆ. ಸಂಶಯಗ್ರಸ್ತನಿಗೆ ಮೊದಲೇ ಎಲ್ಲ ಗೊತ್ತಿರುತ್ತದೆ.

ಅಂದು ಮಾಲೀಕರು ಇನ್ನೊಂದು ಮಾತು ಕೇಳಿದರು. "ಹೆಂಗೂ ಒಳಗ ಹೋಗೀರಿ, ಅವನ ಮೇಲ್ ಒಂದ್ಸಲ ತೆಗದು ತೋರಸ್ರಿ." ತೋರಿಸುವುದು ನಮಗೆ ಎರಡು ನಿಮಿಷದ ಕೆಲಸ. ನಾವು ಒಪ್ಪಲಿಲ್ಲ. ಕಚೇರಿಯ ಮೇಲ್‌ಬಾಕ್ಸ್ ಕಚೇರಿಯದೇ, ನಿಜ. ಆದರೆ ಅದನ್ನು ಯಾವಾಗ, ಯಾರು, ಯಾವ ಕಾರಣಕ್ಕೆ ನೋಡಬಹುದು ಎಂಬ ನಿಯಮ ಬರಹದಲ್ಲಿರಬೇಕು, ನೌಕರರಿಗೂ ತಿಳಿದಿರಬೇಕು. ಅಲ್ಲಿ ಅಂಥದೇನೂ ಇರಲಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಸ್ಮರಣೀಯ.

ನಮ್ಮನ್ನು ತಡೆದದ್ದು ಕಾನೂನು ಮಾತ್ರವಲ್ಲ. ಇನ್ನೊಬ್ಬರ ಮನೆಗೆ ಸಲಾಮ್ ಹೇಳಿ, ಅನುಮತಿ ಪಡೆದೇ ಹೋಗಬೇಕೆಂದು ಕುರ್‌ಆನ್‌ನ ಅನ್ನೂರ್ ಅಧ್ಯಾಯ ಕಲಿಸುತ್ತದೆ. ಅಲ್ ಹುಜುರಾತ್ ಅಧ್ಯಾಯವಂತೂ ಗುಮಾನಿಯನ್ನೂ ಗೂಢಚರ್ಯೆಯನ್ನೂ ಒಂದೇ ವಚನದಲ್ಲಿ ನಿಷೇಧಿಸುತ್ತದೆ. ಗುಮಾನಿ ಹುಟ್ಟಿದರೆ ಇಣುಕುವ ಚಟ ಹಿಂದೆಯೇ ಬರುತ್ತದೆ ಎಂಬುದನ್ನು ಅಂದು ಆ ಕೋಣೆಯಲ್ಲೇ ಕಂಡೆವು. ಕೀಲಿಕೈ ಎಂದರೆ ಅಮಾನತ್ತು. ತೆರೆಯಬಲ್ಲೆವು ಎಂಬ ಕಾರಣಕ್ಕೆ ತೆರೆಯುವುದು ಅಮಾನತ್ತಿಗೆ ಬಗೆಯುವ ದ್ರೋಹ.

ಮಾಲೀಕರು ಆ ಹುಡುಗನನ್ನು ಮರಳಿ ಕರೆದರು. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಕೆಲವು ತಿಂಗಳು ದುಡಿದು ಅವನು ಬೆಂಗಳೂರಿಗೆ ಹೋದ. ಹೋಗುವ ಮುನ್ನ ಸರ್ವರುಗಳ ಸಮಯ ಹೊಂದಿಸಿಡುವ ವ್ಯವಸ್ಥೆಯನ್ನು ಪಕ್ಕಾ ಮಾಡಿ, ಅದರ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದ್ದ.